ಹೊಳೆಬಾಗಿಲಲ್ಲಿ ಸಿಕ್ಕವನು

ಸೇತುವೆ ದಾಟಿ ಮುಗಿದದ್ದೇ ತಿಳಿಯಲಿಲ್ಲ. ಅಂಬಾರಗೋಡ್ಲಿನಲ್ಲಿ ಏರಿದ ಕಾರು ಕಳಸವಳ್ಳಿಯಲ್ಲಿ ಇಳಿದಾಗ ಗಡಿಯಾರ ನೋಡಿಕೊಂಡೆ. ಮೂರೇ ನಿಮಿಷ. ಇದೇ ನೀರು ದಾಟಲು ನಾವು ಅರ್ಧ ದಿನ ಕಾದದ್ದುಂಟು.

ದೀಪಾವಳಿ ಕಳೆದ ಮೇಲೆ ತುಮರಿ ಕಡೆ ಸೋದರಮಾವನ ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೊರಟಿದ್ದೆ. ಬೆಂಗಳೂರಿನಿಂದ ರಾತ್ರಿ ರೈಲು, ಬೆಳಿಗ್ಗೆ ಸಾಗರ ಜಂಬಗಾರು ಸ್ಟೇಷನ್, ಅಲ್ಲಿಂದ ಬಾಡಿಗೆ ಕಾರು. 2025ರ ಜುಲೈ 14ರಂದು ಈ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಊರ ಕಡೆ ಹೋಗಿದ್ದು ಇದೇ ಮೊದಲು. 2.44 ಕಿಲೋಮೀಟರ್ ಉದ್ದ, ನಡುವೆ ಬಿಗಿದ ಕೇಬಲ್‌ಗಳು, ಎರಡೂ ಕಡೆ ತುಂಬಿದ ಶರಾವತಿ ಹಿನ್ನೀರು. ನೋಡಲು ನಿಜಕ್ಕೂ ಚೆಂದ. ಆದರೂ ಆಚೆ ದಡ ಮುಟ್ಟಿದಾಗ ಹೊಟ್ಟೆಯೊಳಗೆ ಏನೋ ಖಾಲಿಯಾದಂತಾಯಿತು. ದಾರಿಯಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತ ಮೇಲೆ ತುಮರಿ ಇರುವ ಕರೂರು ಹೋಬಳಿಯವರಿಗೆ ಸಾಗರ ದೂರವಾಯಿತು. ಅಲ್ಲಿಂದ ಮುಂದೆ ನಮಗೆಲ್ಲ ಊರು ಶುರುವಾಗುತ್ತಿದ್ದುದು ಜನರನ್ನೂ ವಾಹನಗಳನ್ನೂ ಹಿನ್ನೀರು ದಾಟಿಸುವ ಲಾಂಚಿನಲ್ಲೇ. ಬಸ್ಸು, ಜೀಪು, ಬೈಕುಗಳ ಸಂದಿಯಲ್ಲಿ ಒತ್ತಿಕೊಂಡು ನಿಂತರೆ ಒಂದು ಕಡೆ ಚಿಕ್ಕಪ್ಪ, ಇನ್ನೊಂದು ಕಡೆ ಕನ್ನಡ ಮೇಷ್ಟ್ರು. ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು, ಅಡಿಕೆಗೆ ಎಷ್ಟು ರೇಟು ಎಂಬುದೆಲ್ಲ ಮನೆ ಮುಟ್ಟುವ ಮೊದಲೇ ಗೊತ್ತಾಗುತ್ತಿತ್ತು. ಈಗ ಎದುರಿಗೆ ಬಂದ ಕಾರುಗಳಲ್ಲಿ ನಮ್ಮವರೇ ಇದ್ದರೋ ಏನೋ. ಗಾಜು ಏರಿಸಿದ ಕಾರಿನೊಳಗೆ ಯಾರ ಮುಖ ಕಾಣುತ್ತದೆ?

ಒಕ್ಕಲು ಚೆನ್ನಾಗಿಯೇ ಆಯಿತು. ಹೋಳಿಗೆ ಬಿಟ್ಟು ಉಪ್ಪಿಗೆ ಹಾಕಿದ ಅಪ್ಪೆ ಮಾವಿನಮಿಡಿಯ ಹುಳಿಯನ್ನೇ ಎರಡು ಲೋಟ ಕುಡಿದೆ. ಅಂಥ ಪರಿಮಳ ಬೆಂಗಳೂರಿನ ಯಾವ ಊಟದ ಮನೆಯಲ್ಲೂ ನನಗೆ ಸಿಕ್ಕಿಲ್ಲ. ಊಟವಾದ ಮೇಲೆ ಯಾರದೋ ಬೈಕ್ ಹಿಂದೆ ಕೂತು ಹಳೆಯ ಲಾಂಚ್ ನಿಲ್ಲುತ್ತಿದ್ದ ಜಾಗಕ್ಕೆ ಬಂದೆ. ನಾವು ಅದನ್ನು ಹೊಳೆಬಾಗಿಲು ಅನ್ನುತ್ತೇವೆ.

ರಸ್ತೆ ನೇರವಾಗಿ ನೀರಿಗಿಳಿದು ಮುಳುಗಿತ್ತು. ವಾಹನ ಹತ್ತಿ ಇಳಿದು ಸವೆದ ಗುರುತು ಇನ್ನೂ ಇತ್ತು. ಅಲ್ಲೊಬ್ಬ ಮುಚ್ಚಿದ ಗೂಡಂಗಡಿಯ ತಗಡು ಬಿಚ್ಚುತ್ತಿದ್ದ. ಬೆನ್ನು ನೋಡಿದರೆ ಯಾರೋ. ಎಡಗೈಯಲ್ಲಿ ಸುತ್ತಿಗೆ ಹಿಡಿದದ್ದು ನೋಡಿ ಗುರುತು ಹತ್ತಿತು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನದೇ ಬೆಂಚು. ಇಬ್ಬರ ಮೊಣಕೈ ತಾಗಿ ನನ್ನ ಅಕ್ಷರವೆಲ್ಲ ಸೊಟ್ಟಗಾಗುತ್ತಿತ್ತು.

“ಏ, ಯಾವಾಗ ಬಂದ್ಯ ಮಾರಾಯ?” ಅಂದ, ನಿನ್ನೆ ಮೊನ್ನೆ ನೋಡಿದವನ ಹಾಗೆ. ಹತ್ತೊಂಬತ್ತು ವರ್ಷವಾಗಿತ್ತು.

ತಗಡಿನ ಮೇಲೇ ಕೂತೆವು. ಲಾಂಚಿಗೆ ಕಾಯುವವರು ಇದ್ದಷ್ಟು ದಿನ ಅವನ ಮಂಡಕ್ಕಿ, ಚಾ ಓಡಿತು. ಈಗ ಯಾರೂ ನಿಲ್ಲುವುದಿಲ್ಲ. ನಾನು ನನ್ನ ಬೇಸರವನ್ನೆಲ್ಲ ತೋಡಿಕೊಂಡೆ. ಲಾಂಚಿದ್ದಾಗ ಎಲ್ಲರೂ ಸಿಗುತ್ತಿದ್ದರು, ಎಷ್ಟು ಚೆಂದವಿತ್ತು ಅಂದೆ. ಅವನು ಬಾಗಿದ ಮೊಳೆಯೊಂದನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ನೆಟ್ಟಗೆ ಮಾಡುತ್ತಿದ್ದ.

“ಸಿಗ್ತಿದ್ರು ಹೌದು,” ಅಂದ. “ಅಪ್ಪಯ್ಯಂಗೆ ಎದೆನೋವು ಬಂದಿದ್ದು ರಾತ್ರಿ ಎಂಟೂವರೆಗೆ. ಕೊನೇ ಲಾಂಚು ಹೋಗಿ ಎಷ್ಟೋ ಹೊತ್ತಾಗಿತ್ತು. ಜೀಪಲ್ಲಿ ಇಲ್ಲಿಗೆ ತಂದ್ವಿ. ಆಚೆ ದಡದವರನ್ನ ಎಬ್ಬಿಸಿ ಕರೆಸಿದ್ವಿ. ಬಂದ್ರು ಪಾಪ. ಅಷ್ಟೊತ್ತಿಗೆ ಅಪ್ಪಯ್ಯ ಇರ್ಲಿಲ್ಲ.”

ನನಗೆ ಮಾತೇ ಹೊರಡಲಿಲ್ಲ. ಅವನ ಅಪ್ಪಯ್ಯ ತೋಟದ ಬಾಳೆಹಣ್ಣನ್ನು ನನ್ನ ಚೀಲಕ್ಕೂ ತುಂಬುತ್ತಿದ್ದವರು. ತೀರಿಕೊಂಡ ಸುದ್ದಿಯೇ ನನಗೆ ಮುಟ್ಟಿರಲಿಲ್ಲ.

“ಅಂಗಡಿ ಹೋಯ್ತಲ್ಲ?” ಅಂತ ಆಮೇಲೆ ಕೇಳಿದೆ. “ಸೇತುವೆ ಬೇಕು ಅಂತ ಹೋರಾಟಕ್ಕೆ ಹೋದವ್ನೇ ನಾನು. ತುಮರಿಲಿ ಹಾಕ್ತೆ ಅಂಗಡಿ. ಈ ತಗಡು ಅದಕ್ಕೇ,” ಅಂದ.

ಸಂಜೆ ಆರಕ್ಕೆ ಬರುತ್ತೇನೆಂದು ಮುಂಗಡ ತೆಗೆದುಕೊಂಡಿದ್ದ ಬಾಡಿಗೆ ಕಾರಿನವನು ಬರಲೇ ಇಲ್ಲ. ಫೋನು ಮಾಡೋಣವೆಂದರೆ ಮಾವನ ಮನೆಯ ಅಂಗಳದಲ್ಲಿ ಸಿಗ್ನಲ್ ಒಂದು ಗೆರೆಯೂ ಇಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಈ ಕಡೆ ಹೋಗುವವರಿದ್ದರೆ ಮೊಬೈಲ್ ನಂಬಿಕೊಳ್ಳಬೇಡಿ. ಮರಳುವ ಗಾಡಿಗೆ ಮೊದಲೇ ದುಡ್ಡು ಕೊಡಬೇಡಿ, ಕೈಯಲ್ಲಿ ನಗದು ಇಟ್ಟುಕೊಳ್ಳಿ. ಕೊನೆಗೆ ಮಾವ ಯಾರನ್ನೋ ಅಟ್ಟಿ ಹೇಳಿಕಳಿಸಿದ್ದಕ್ಕೆ ನನ್ನ ಬೆಂಚಿನವನೇ ಬೈಕು ತಂದ. “ರೈಲು ತಪ್ಪಿಸ್ಕಳದು ಬ್ಯಾಡ, ಹತ್ತು,” ಅಂದ.

ಸೇತುವೆ ಹತ್ತುವಾಗ ಕತ್ತಲೆ ಗಟ್ಟಿಯಾಗಿತ್ತು. ಹಿನ್ನೀರಿನ ತಣ್ಣನೆ ಗಾಳಿ ಕಿವಿಗೆ ಬಡಿಯುತ್ತಿತ್ತು. ನಟ್ಟನಡುವೆ ಅವನು ಬೈಕು ನಿಧಾನ ಮಾಡಿ, ಹಿಂದೆ ಬಿಟ್ಟುಬಂದ ದಡದ ಕಡೆ ಕೈ ತೋರಿಸಿದ.

“ಅಗಾ, ಅಲ್ಲೇ. ಕಂಬಳಿ ಹಾಸಿ ಮಲಗಿಸಿದ್ವಿ.”

ನನಗೆ ಕಂಡದ್ದು ಬರೀ ಕಪ್ಪು ನೀರು. ಅವನ ಭುಜ ಹಿಡಿದುಕೊಂಡೆ. ಸ್ವಲ್ಪ ಹೊತ್ತು ಹಾಗೇ ನಿಧಾನಕ್ಕೆ ಹೋಗಿ, ಆಮೇಲೆ ಗೇರು ಬದಲಿಸಿದ.