ಮೂಗಿನ ನೆರಳು ನೋಡಿ ಲೈಟ್ ಇಡಿ

ಎಡಕ್ಕೊಂದು ಅಂಬ್ರೆಲಾ (ಫ್ಲ್ಯಾಶಿನ ಬೆಳಕು ಹರಡುವ ಕೊಡೆ), ಬಲಕ್ಕೊಂದು ಅಂಬ್ರೆಲಾ, ಎರಡಕ್ಕೂ ಒಂದೇ ಪವರ್. ನಮ್ಮ ಕಡೆಯ ಸಣ್ಣ ಸ್ಟುಡಿಯೋಗಳಲ್ಲಿ ಇದು ಕಾಯಂ ವ್ಯವಸ್ಥೆ. ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಸರಿಯೇ, ಅಲ್ಲಿ ಮುಖದ ಮೇಲೆ ನೆರಳೇ ಇರಬಾರದು. ಅದೇ ಜಾಗದಲ್ಲಿ ನಿಶ್ಚಿತಾರ್ಥದ ಹುಡುಗಿಯನ್ನೋ ರುಮಾಲು ಸುತ್ತಿದ ಅಜ್ಜನನ್ನೋ ಕೂರಿಸಿದರೆ ಮಾತ್ರ ಮುಖ ಚಪ್ಪಟೆಯಾಗುತ್ತದೆ, ಮೂಗಿನ ಎರಡೂ ಬದಿಗೆ ತೆಳು ನೆರಳು ಬೀಳುತ್ತದೆ, ಒಂದೊಂದು ಕಣ್ಣಲ್ಲೂ ಎರಡೆರಡು ಬಿಳಿ ಚುಕ್ಕೆ ಕಾಣುತ್ತವೆ. ಪೋರ್ಟ್ರೇಟ್‌ಗೆ ಒಂದು ಲೈಟ್ ಸಾಕು. ಎರಡನೆಯದು ಬೇಕೋ ಬೇಡವೋ ಎಂಬುದು ಮೊದಲನೆಯದು ಸರಿಯಾಗಿ ಕೂತ ಮೇಲಿನ ಮಾತು.

ಅದು ಸರಿಯಾಗಿ ಕೂತಿದೆಯೇ ಎಂದು ಹೇಳುವುದು ಮೂಗಿನ ನೆರಳು. ಲೈಟನ್ನು ಕ್ಯಾಮೆರಾದಿಂದ 45 ಡಿಗ್ರಿ ಪಕ್ಕಕ್ಕೆ ಸರಿಸಿ, ಅದರ ನಡುಭಾಗ ಕಣ್ಣಿಗಿಂತ ಒಂದು, ಒಂದೂವರೆ ಅಡಿ ಮೇಲೆ ಬರುವಂತೆ ಏರಿಸಿ, ಮುಖದ ಕಡೆ ಬಾಗಿಸಿ. ನೆರಳು ಓರೆಯಾಗಿ ಬಾಯಿಯ ಮೂಲೆಯ ಕಡೆ ಇಳಿದು, ತುಟಿ ಮುಟ್ಟುವ ಮೊದಲೇ ನಿಲ್ಲಬೇಕು. ತುಟಿಯ ಮೇಲೆ ಬಿತ್ತೆಂದರೆ ಲೈಟ್ ಎತ್ತರ ಹೆಚ್ಚಾಗಿದೆ. ಇಳಿಯದೆ ಅಡ್ಡಕ್ಕೆ ಕೆನ್ನೆಯ ಮೇಲೆ ಹೋಯಿತೆಂದರೆ ಎತ್ತರ ಸಾಲದು. ಲೈಟನ್ನು ಇನ್ನೂ ಪಕ್ಕಕ್ಕೆ ಒಯ್ದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಕೂಡಿಕೊಂಡು, ಆ ಬದಿಯ ಕಣ್ಣಿನ ಕೆಳಗೆ ಬೆಳಕಿನ ತ್ರಿಕೋನವೊಂದು ಉಳಿಯುತ್ತದೆ. ಡಚ್ ಚಿತ್ರಕಾರನ ಹೆಸರಲ್ಲಿ ಇದನ್ನು ರೆಂಬ್ರಾಂಟ್ ಲೈಟಿಂಗ್ ಎನ್ನುತ್ತಾರೆ. ತ್ರಿಕೋನ ಕಣ್ಣಿಗಿಂತ ಅಗಲವಾಗಬಾರದು, ಮೂಗಿಗಿಂತ ಉದ್ದವಾಗಬಾರದು. ಮೀಸೆ, ಸುಕ್ಕು, ಗಟ್ಟಿ ದವಡೆಯ ಮುಖಗಳಿಗೆ ಇದು ಒಪ್ಪುತ್ತದೆ. ಲೈಟನ್ನು ಮುಖದ ನೇರಕ್ಕೆ ಮೇಲೆ ತಂದರೆ ನೆರಳು ಮೂಗಿನ ಕೆಳಗೇ ಪುಟ್ಟ ಚಿಟ್ಟೆಯ ಆಕಾರದಲ್ಲಿ ಬೀಳುತ್ತದೆ. ಹಣೆಯ ಬೊಟ್ಟು, ಮೂಗಿನ ತುದಿ, ಲೈಟ್ ಸ್ಟ್ಯಾಂಡ್ ಮೂರೂ ಒಂದೇ ಗೆರೆಯಲ್ಲಿದ್ದರೆ ಆ ಚಿಟ್ಟೆ ಎಡಬಲ ಸಮ ಇರುತ್ತದೆ. ಮದುಮಗಳ ಮುಖಕ್ಕೆ ನನ್ನ ಮೊದಲ ಆಯ್ಕೆ ಇದು.

ರುಮಾಲು, ಟೋಪಿ ಇದ್ದವರಿಗೆ ಈ ಎತ್ತರದ ಲೆಕ್ಕ ನಡೆಯುವುದಿಲ್ಲ. ರುಮಾಲಿನ ಅಂಚಿನ ನೆರಳು ಸೀದಾ ಕಣ್ಣಿಗೆ ಇಳಿಯುತ್ತದೆ. ಎರಡೂ ಕಣ್ಣಲ್ಲಿ ಬಿಳಿ ಚುಕ್ಕೆ ಕಾಣುವ ತನಕ ಲೈಟ್ ಇಳಿಸುತ್ತಾ ಬನ್ನಿ. ಚುಕ್ಕೆ ಗಡಿಯಾರದ ಹತ್ತು ಅಥವಾ ಎರಡು ಗಂಟೆಯ ಜಾಗದಲ್ಲಿದ್ದರೆ ಕಣ್ಣಿಗೆ ಜೀವ ಬರುತ್ತದೆ. ಕ್ಯಾಮೆರಾ ಮೇಲೆ ಕೂರುವ ಸಣ್ಣ ಫ್ಲ್ಯಾಶ್, ಅಂದರೆ ಸ್ಪೀಡ್‌ಲೈಟ್, ಹೆಚ್ಚಿನವುಗಳಲ್ಲಿ ನೆರಳು ತೋರಿಸಲು ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪ್ ಇರದ ಕಾರಣ ನೆರಳು ಮೊದಲೇ ಕಾಣುವುದಿಲ್ಲ. ಹುಡುಗನೊಬ್ಬನ ಕೈಗೆ ಮೊಬೈಲ್ ಟಾರ್ಚ್ ಕೊಟ್ಟು ಲೈಟ್ ಇಡಬೇಕಾದ ಜಾಗದಲ್ಲಿ ಹಿಡಿಸಿ. ಅರ್ಧ ನಿಮಿಷದಲ್ಲಿ ಮುಖ ಎಂಥದ್ದು, ಲೈಟ್ ಎಲ್ಲಿರಬೇಕು ಎರಡೂ ಗೊತ್ತಾಗುತ್ತವೆ.

ಇನ್ನು ದೂರ. ಬೆಳಕು ಮೃದುವಾಗಿದೆಯೇ ಇಲ್ಲವೇ ಎಂಬುದು ಸಾಫ್ಟ್‌ಬಾಕ್ಸಿನ (ಲೈಟಿನ ಮುಂದೆ ಬಿಳಿ ಬಟ್ಟೆ ಕಟ್ಟಿದ ಡಬ್ಬ) ಬೆಲೆಯಿಂದ ತೀರ್ಮಾನವಾಗುವುದಿಲ್ಲ, ಕೂತವರ ಕಣ್ಣಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದರಿಂದ. 2 ಅಡಿ × 3 ಅಡಿಯ ಸಾಫ್ಟ್‌ಬಾಕ್ಸ್ ಮುಖದಿಂದ 3 ಅಡಿಯಲ್ಲಿದ್ದರೆ ನೆರಳಿನ ಅಂಚು ನಯವಾಗಿ ಕರಗುತ್ತದೆ. ಅದನ್ನೇ 8 ಅಡಿ ಹಿಂದಕ್ಕೊಯ್ದರೆ ಅಂಚು ಗಡುಸಾಗುತ್ತದೆ. ಸ್ಟ್ಯಾಂಡ್ ಫ್ರೇಮಿಗೆ ಬಂದೀತೆಂಬ ಹೆದರಿಕೆಗೆ ದೂರ ಇಡುವವರೇ ಹೆಚ್ಚು. ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ತನ್ನಿ.

ಹತ್ತಿರ ತಂದಾಗ ಒಂದು ತೊಂದರೆ ಇದ್ದೇ ಇದೆ, ಅದು ಜೋಡಿ ಫೋಟೋದಲ್ಲಿ ಎದ್ದು ಕಾಣುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಲೈಟಿನಿಂದ ಹೆಂಡತಿ 3 ಅಡಿ, ಗಂಡ ನಾಲ್ಕೂವರೆ ಅಡಿ ದೂರದಲ್ಲಿದ್ದರೆ ಆಕೆಗೆ ಬೀಳುವ ಬೆಳಕು ಅವನದರ ಎರಡೂಕಾಲು ಪಟ್ಟು. ಲೈಟನ್ನು ಆಕೆಯಿಂದ 6 ಅಡಿಗೆ ಸರಿಸಿದರೆ ಅವನದು ಏಳೂವರೆ ಆಗುತ್ತದೆ, ವ್ಯತ್ಯಾಸ ಒಂದೂವರೆ ಪಟ್ಟಿನ ಆಸುಪಾಸಿಗೆ ಬರುತ್ತದೆ. ಜೊತೆಗೆ ಸಾಫ್ಟ್‌ಬಾಕ್ಸಿನ ಮುಖವನ್ನು ದೂರದವರ ಕಡೆ ತಿರುಗಿಸಿ, ಹತ್ತಿರದವರಿಗೆ ಅದರ ಅಂಚಿನ ಬೆಳಕಷ್ಟೇ ತಾಗಲಿ. ಎಡಿಟಿಂಗ್‌ನಲ್ಲಿ ಒಂದು ಮುಖವನ್ನು ಬೆಳಗಿಸುವ ಕೆಲಸ ತಪ್ಪುತ್ತದೆ.

ಸ್ಟುಡಿಯೋದಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 100, ಶಟರ್ 1/125 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಂಡಿ) ಎಫ್/8 ಇಟ್ಟು, ಮೊದಲು ಫ್ಲ್ಯಾಶ್ ಹಾರಿಸದೆ ಒಂದು ಚಿತ್ರ ತೆಗೆಯಿರಿ. ಅದು ಪೂರಾ ಕಪ್ಪಾಗಿರಬೇಕು. ಏನಾದರೂ ಕಂಡರೆ ಟ್ಯೂಬ್‌ಲೈಟೋ ಬಾಗಿಲ ಬೆಳಕೋ ಒಳಗೆ ಸೇರುತ್ತಿದೆ ಎಂದರ್ಥ, ಮುಖದ ಒಂದು ಬದಿ ಹಸಿರು ಹೊಡೆಯುವುದು ಅದರಿಂದಲೇ. ಸಾಮಾನ್ಯ ಕ್ಯಾಮೆರಾಗಳ ಸಿಂಕ್ ಮಿತಿ, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್, 1/160ರಿಂದ 1/250ರ ಒಳಗೆ. ಅದನ್ನು ಮೀರಿದರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. ಫ್ಲ್ಯಾಶ್ ಹಾರಿಸುವ ಅಗ್ಗದ ಟ್ರಿಗರ್‌ಗಳು ಮಿತಿಯ ಹತ್ತಿರ ಹೋದರೇ ಎಡವುತ್ತವೆ, ಹಾಗಾಗಿ 1/125. ಸ್ಟುಡಿಯೋ ಫ್ಲ್ಯಾಶ್ ಬಿಟ್ಟು ಎಲ್‌ಇಡಿ ಲೈಟಲ್ಲಿ ತೆಗೆಯುವವರಿಗೆ ಬೇರೆಯೇ ಕಾಟ: ನಮ್ಮ ಕರೆಂಟ್ 50 ಸೈಕಲ್‌ನದು, ಕಳಪೆ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/50 ಅಥವಾ 1/100ರಲ್ಲಿ ಇದು ಗೊತ್ತಾಗುವುದಿಲ್ಲ, 1/250ಕ್ಕೆ ಹೋದರೆ ಚಿತ್ರದುದ್ದಕ್ಕೂ ಅಡ್ಡಪಟ್ಟಿ.

ನೆರಳಿನ ಬದಿ ತೀರಾ ಕಪ್ಪೆನಿಸಿದರೆ ಒಂದಿಂಚು ದಪ್ಪದ ಥರ್ಮಾಕೋಲ್ ಹಲಗೆಯನ್ನು ಆ ಬದಿಗೆ ಎರಡು ಅಡಿ ದೂರದಲ್ಲಿ ನಿಲ್ಲಿಸಿ. ಹತ್ತಿರ ಸರಿಸಿದಷ್ಟೂ ನೆರಳು ತಿಳಿಯಾಗುತ್ತದೆ. ಹತ್ತು ಅಡಿ ಅಗಲದ ಅಂಗಡಿಗಳಲ್ಲಿ ಥರ್ಮಾಕೋಲ್ ಇಲ್ಲದೆಯೂ ಗೋಡೆಯೇ ಆ ಕೆಲಸ ಮಾಡುತ್ತಿರುತ್ತದೆ. ಗೋಡೆ ಬಿಳಿಯಾದರೆ ಚಿಂತೆಯಿಲ್ಲ. ತಿಳಿಹಸಿರು, ಗುಲಾಬಿ ಬಳಿದ ಗೋಡೆಯಾದರೆ ಅದೇ ಬಣ್ಣ ಕೆನ್ನೆಗೂ ಬರುತ್ತದೆ, ಬಣ್ಣ ಸರಿಪಡಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸಿನಿಂದ ತೆಗೆಯಲಾಗದು, ಏಕೆಂದರೆ ಇನ್ನೊಂದು ಕೆನ್ನೆ ಸರಿಯಾಗಿಯೇ ಇರುತ್ತದೆ. ಆ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ. ಬ್ಯಾಕ್‌ಡ್ರಾಪಿನಿಂದ ಕೂತವರಿಗೆ ಕನಿಷ್ಠ 4 ಅಡಿ ಇರಲಿ, ಇಲ್ಲವಾದರೆ ಅವರ ನೆರಳು ಪರದೆಯ ಮೇಲೆ ಬೀಳುತ್ತದೆ. ಕ್ಯಾಮೆರಾ 6-7 ಅಡಿ ದೂರದಲ್ಲಿರಲಿ. ಜಾಗ ಸಾಲದೆಂದು 35 ಎಂಎಂ ಲೆನ್ಸ್ ಹಾಕಿ ಮೂರಡಿಗೆ ಹೋದರೆ ಮೂಗು ಹಿಗ್ಗಿ ಕಿವಿ ಹಿಂದಕ್ಕೆ ಸರಿಯುತ್ತದೆ. ಬೈಯಿಸಿಕೊಳ್ಳುವುದು ಲೆನ್ಸು, ತಪ್ಪು ಮಾತ್ರ ದೂರದ್ದು.

ನಮ್ಮ ಭಾಗದ ಮುಖಗಳಿಗೆ ಎಕ್ಸ್‌ಪೋಷರ್ (ಚಿತ್ರಕ್ಕೆ ಸೇರುವ ಒಟ್ಟು ಬೆಳಕು) ಲೆಕ್ಕ ಹಾಕುವಾಗ ಬಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಳಿ ಪಂಚೆ, ಬಿಳಿ ಅಂಗಿ, ಕಪ್ಪು ಮೈಬಣ್ಣ, ಹಣೆಯಲ್ಲಿ ವಿಭೂತಿ. ಕ್ಯಾಮೆರಾದ ಮೀಟರ್ ಅಂಗಿ ನೋಡಿ ಹೆದರಿ ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಮುಖಕ್ಕೆಂದು ಪವರ್ ಏರಿಸಿದರೆ ವಿಭೂತಿಯ ಮೂರು ಪಟ್ಟೆ ಕೂಡಿ ಒಂದೇ ಬಿಳಿ ಮಚ್ಚೆಯಾಗುತ್ತದೆ, ಅಂಗಿಯ ನೆರಿಗೆ ಮಾಯವಾಗುತ್ತದೆ. ವಿಭೂತಿಯ ಪಟ್ಟೆ ಬಿಡಿಬಿಡಿಯಾಗಿ ಕಾಣುವಲ್ಲಿಗೆ ಎಕ್ಸ್‌ಪೋಷರ್ ನಿಲ್ಲಿಸಿ, ಲೈಟನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿ ಅಂಗಿಗೆ ಬೀಳುವ ಪಾಲು ಕಡಿಮೆ ಮಾಡುವುದು ಸರಿಯಾದ ದಾರಿ. ಕಪ್ಪು ಮೈಬಣ್ಣಕ್ಕೆ ಬೇಕಿರುವುದು ಜಾಸ್ತಿ ಬೆಳಕಲ್ಲ, ದೊಡ್ಡ ಬೆಳಕು. ದೊಡ್ಡ ಸಾಫ್ಟ್‌ಬಾಕ್ಸನ್ನು ಹತ್ತಿರ ಇಟ್ಟರೆ ಕೆನ್ನೆಮೂಳೆಯ ಹೊಳಪು ಅಗಲವಾಗಿ, ಮೆತ್ತಗೆ ಹರಡಿ ಮುಖಕ್ಕೆ ಆಕಾರ ಕೊಡುತ್ತದೆ. ಸಣ್ಣ ಲೈಟಾದರೆ ಅದೇ ಹೊಳಪು ಎಣ್ಣೆ ಜಿಡ್ಡಿನಂತೆ ಕಾಣುತ್ತದೆ. ಬೆವರನ್ನು ಟಿಶ್ಯೂ ಒತ್ತಿ ತೆಗೆಯಿರಿ, ಒರೆಸಬೇಡಿ. ಪೌಡರ್ ಬಳಿದು ಬಂದವರನ್ನು ಮುಖ ತೊಳೆದು ಬರಲು ಹೇಳಲು ಸಂಕೋಚ ಬೇಡ, ಫ್ಲ್ಯಾಶಿಗೆ ಆ ಪೌಡರ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಜರತಾರಿ ಸೀರೆಯ ಅಂಚು ಉರಿದು ಬಿಳುಪಾದರೆ ಪವರ್ ಮುಟ್ಟಬೇಡಿ, ಭುಜವನ್ನು ಎರಡು ಬೆರಳಿನಷ್ಟು ತಿರುಗಿಸಿದರೆ ಸಾಕು.

ಕನ್ನಡಕದಲ್ಲಿ ಸಾಫ್ಟ್‌ಬಾಕ್ಸ್ ಮೂಡಿದರೆ ಲೈಟ್ ಅರ್ಧ ಅಡಿ ಏರಿಸಿ. ಹೋಗದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಕಾಲಿಂಚು ಎತ್ತಿ ಕೂರಿಸಿ, ಗಾಜು ನೆಲದ ಕಡೆ ಓರೆಯಾಗುತ್ತದೆ. ಬಿಸಿಲಿಗೆ ಕಪ್ಪಾಗುವ ಕನ್ನಡಕದವರು ಒಳಗೆ ಬಂದ ಕೂಡಲೇ ಫೋಟೋ ತೆಗೆಯಬೇಡಿ, ಗಾಜು ತಿಳಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ.

ಕೂರಿಸುವ ವಿಷಯದಲ್ಲಿ ಮೊದಲ ನಿಯಮ ಕುರ್ಚಿಯದು. ಕೈ ಇರುವ, ಒರಗುವ ಕುರ್ಚಿ ಕೊಟ್ಟರೆ ಬೆನ್ನು ಬಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಸ್ಟೂಲ್ ಕೊಡಿ, ಅದರ ಮುಂದಿನ ಅರ್ಧದಲ್ಲಿ ಕೂರಲಿ. ಮೈ ಲೈಟಿನಿಂದ ಆಚೆಗೆ 30 ಡಿಗ್ರಿ ತಿರುಗಿ, ಮುಖ ಮಾತ್ರ ಲೈಟಿನ ಕಡೆ ವಾಪಸ್ ಬರಲಿ. ದುಂಡು ಮುಖವಾದರೆ ಕ್ಯಾಮೆರಾಕ್ಕೆ ಕಡಿಮೆ ಕಾಣುವ ಕೆನ್ನೆಗೆ ಬೆಳಕು ಬೀಳಲಿ, ಮುಖ ತೆಳ್ಳಗಾಗುತ್ತದೆ. ಕೆನ್ನೆ ಬತ್ತಿದವರಿಗೆ ಇದರ ತಿರುಗುಮುರುಗು. ಮುಖ ತಿರುಗಿಸುವಾಗ ಮೂಗಿನ ತುದಿ ಆಚೆ ಕೆನ್ನೆಯ ಗೆರೆ ದಾಟಬಾರದು, ದಾಟಿದರೆ ಮೂಗು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಗದ್ದದ ವಿಷಯ ಬಾಯಲ್ಲಿ ಹೇಳಿದರೆ ತಲುಪುವುದಿಲ್ಲ. "ಅಜ್ಜಾರೆ, ಗದ್ದ ಮುಂದ್ಕೆ ತರ್ರಿ" ಎಂದರೆ ಅವರು ಗದ್ದ ಮೇಲೆತ್ತುತ್ತಾರೆ, ಮೂಗಿನ ಹೊಳ್ಳೆ ಕಾಣುತ್ತದೆ. "ಯಾರೋ ದೂರದಿಂದ ಮೆಲ್ಲಗೆ ಕರೀತಿದಾರೆ, ಕೇಳಿಸ್ಕೊಳ್ರಿ" ಎಂದರೆ ಕತ್ತು ತಾನಾಗಿ ಒಂದಿಂಚು ಮುಂದೆ ಬರುತ್ತದೆ, ದವಡೆಯ ಗೆರೆ ಬಿಡಿಸಿಕೊಳ್ಳುತ್ತದೆ, ಕತ್ತಿನ ಜೋಲು ಚರ್ಮ ನೆರಳಿಗೆ ಹೋಗುತ್ತದೆ. "ನಗ್ರಿ" ಅನ್ನುವುದನ್ನೂ ಬಿಡಿ. ಹಲ್ಲು ಬರುತ್ತದೆ, ಕಣ್ಣು ಬರುವುದಿಲ್ಲ. ಈ ಸಲ ಮೆಕ್ಕೆಜೋಳಕ್ಕೆ ಏನು ರೇಟ್ ಸಿಕ್ಕಿತು ಎಂದು ಕೇಳಿ, ಉತ್ತರ ಮುಗಿದ ಮರುಗಳಿಗೆ ಒತ್ತಿ. ಮಾತಿನ ನಡುವೆ ಒತ್ತಿದರೆ ಬಾಯಿ ಸೊಟ್ಟ.

ಕೈ ಮುಖದಷ್ಟೇ ಗಮನ ಸೆಳೆಯುತ್ತದೆ. ಮುಂಗೈ ಅಗಲವಾಗಿ ಕ್ಯಾಮೆರಾಕ್ಕೆ ಕಂಡರೆ ದಪ್ಪಗೆ ಕಾಣುತ್ತದೆ, ಕಿರುಬೆರಳಿನ ಬದಿ ಕಾಣಿಸಿ. ಮದುಮಗಳ ಮದರಂಗಿ ತೋರಿಸಲೇಬೇಕಿದ್ದರೆ ಅಂಗೈಗಳನ್ನು ಎದೆಯ ಮಟ್ಟಕ್ಕೆ ತಂದು ಮುಖದಿಂದ ಗೇಣು ದೂರ ಇಡಿಸಿ, ಮೈಯನ್ನು ಬಿಟ್ಟು ಮುಂದೆ ಚಾಚಿದರೆ ಅವೇ ಮುಖಕ್ಕಿಂತ ದೊಡ್ಡದಾಗುತ್ತವೆ. ಮೊಣಕೈ, ಮಣಿಕಟ್ಟು, ಮಂಡಿಯ ಕೀಲಿನ ಮೇಲೆ ಫ್ರೇಮ್ ಕತ್ತರಿಸಬೇಡಿ, ಕೀಲಿನಿಂದ ಮೇಲೋ ಕೆಳಗೋ ಹೋಗಿ. ನಿಂತವರ ಭಾರ ಹಿಂದಿನ ಕಾಲ ಮೇಲಿರಲಿ. ಸೀರೆಯ ನೆರಿಗೆ, ಸೆರಗಿನ ಪಿನ್ ಎಲ್ಲ ನಿಂತ ಮೇಲೆ ಸರಿಮಾಡಿಸಿ, ಮೊದಲೇ ಮಾಡಿದ್ದು ನಿಲ್ಲುವುದಿಲ್ಲ.

ಹೊರಗಿನ ಬೆಳಕಿಗೆ ಬಂದರೆ, ನಮ್ಮ ಸೂರ್ಯನದು ಬೇರೆ ಹಟ. ಚಿತ್ರದುರ್ಗ, ದಾವಣಗೆರೆ ಎರಡೂ ಊರು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಹುಬ್ಬಿನ ನೆರಳು ಕಣ್ಣಿನ ಗುಳಿ ತುಂಬುತ್ತದೆ, ಮೂಗಿನ ನೆರಳು ತುಟಿ ದಾಟುತ್ತದೆ. ಸ್ಟುಡಿಯೋದಲ್ಲಾದರೆ ಲೈಟ್ ಇಳಿಸಬಹುದಿತ್ತು, ಇಲ್ಲಿ ಜನರನ್ನೇ ಸರಿಸಬೇಕು. ಡಿಸೆಂಬರ್‌ನಲ್ಲಿ ನಡುಹಗಲಿಗೂ ಸೂರ್ಯ ದಕ್ಷಿಣಕ್ಕೆ ವಾಲಿ 52 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಕಷ್ಟ ಸ್ವಲ್ಪ ಕಡಿಮೆ.

ಚಿತ್ರದುರ್ಗದ ಕೋಟೆ ಈ ವಿಷಯದಲ್ಲಿ ಪುಣ್ಯದ ಜಾಗ. ಬಾಗಿಲುಗಳ ಒಳಗೆ ಮೇಲೆ ಕಲ್ಲು ಮುಚ್ಚಿರುತ್ತದೆ, ಬೆಳಕು ಎದುರಿನಿಂದ ಮಾತ್ರ ಬರುತ್ತದೆ. ಬಾಗಿಲಿನ ಅಂಚಿನಿಂದ ಎರಡು, ಮೂರು ಅಡಿ ಒಳಗೆ ಹೊರಮುಖವಾಗಿ ನಿಲ್ಲಿಸಿ. ಇನ್ನೂ ಒಳಗೆ ಹೋದರೆ ಬೆಳಕು ಬೇಗ ಕುಸಿಯುತ್ತದೆ. ಬಂಡೆಗಳೂ ಕೆಲಸಕ್ಕೆ ಬರುತ್ತವೆ: ಒಂದು ಬಂಡೆಯ ನೆರಳಲ್ಲಿ ಮನುಷ್ಯ, ಎದುರಿನ ಬಂಡೆಗೆ ಬಿಸಿಲು. ಆ ಬಂಡೆ ಮನೆಯಷ್ಟು ದೊಡ್ಡ ರಿಫ್ಲೆಕ್ಟರ್, ಬೆಳಕು ಕೊಂಚ ಬೆಚ್ಚಗಿನ ಬಣ್ಣದ್ದು, ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಅಲ್ಲೇ ಬಿಳಿ ಕಾಗದ ಹಿಡಿದು ಸೆಟ್ ಮಾಡಿಕೊಳ್ಳಿ. ಮಧ್ಯಾಹ್ನದ ಮೇಲೆ ಕಾದ ಬಂಡೆಯ ಮೇಲೆ ಕೂರಿಸಿದರೆ ಮುಖ ಹಿಂಡುತ್ತದೆ, ಕೆಳಗೆ ಟವೆಲ್ ಹಾಸಿ. ಗಾಳಿ ಇನ್ನೊಂದು ಗೋಳು. ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ, ಅಂಬ್ರೆಲಾ ಹಚ್ಚಿದ ಸ್ಟ್ಯಾಂಡ್ ಮರಳಿನ ಚೀಲವಿಲ್ಲದೆ ನಿಲ್ಲದು. ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಟ್ರೈಪಾಡ್, ಲೈಟ್ ಒಯ್ಯುವುದಿದ್ದರೆ ಅನುಮತಿಯನ್ನು ಮೊದಲೇ ಕೇಳಿಕೊಳ್ಳಿ.

ದಾವಣಗೆರೆಯಲ್ಲಿ ಬಂಡೆಯಿಲ್ಲ, ಮರದ ನೆರಳಿಗೆ ಓಡುತ್ತಾರೆ. ಹೊಂಗೆಯ ಕೆಳಗೆ ನಟ್ಟನಡುವೆ ನಿಲ್ಲಿಸಿದರೆ ಮುಖದ ತುಂಬ ಬಿಸಿಲಿನ ಚುಕ್ಕೆ, ಮೇಲಿಂದ ಹಸಿರು ಛಾಯೆ. ನೆರಳಿನ ಅಂಚಿಗೆ ಬಂದು ತೆರೆದ ಆಕಾಶಕ್ಕೆ ಮುಖ ಮಾಡಿದರೆ ಎರಡೂ ತಪ್ಪುತ್ತವೆ. ಕುಂದುವಾಡ ಕೆರೆಯ ಏರಿಯ ಮೇಲೆ ಸಂಜೆ ತೆಗೆಯುವವರು ಸೂರ್ಯನನ್ನು ನಿಂತವರ ಬೆನ್ನಿಗೆ ಹಾಕಿ, ಚಿತ್ರವನ್ನು ಬೆಳಗಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಪ್ಲಸ್ 1ರಿಂದ ಶುರು ಮಾಡಿ. ಲೆನ್ಸಿಗೆ ಹುಡ್ ಇಲ್ಲದಿದ್ದರೆ ಮುಖದ ಮೇಲೆ ಹಾಲುಬಣ್ಣದ ಪೊರೆ ಬರುತ್ತದೆ, ಕೈ ಅಡ್ಡ ಹಿಡಿದರೂ ಆಗುತ್ತದೆ. ಬೆಳ್ಳಿ ರಿಫ್ಲೆಕ್ಟರ್ ಬೇಡ, ಕಣ್ಣು ಮುಚ್ಚಿಕೊಳ್ಳುತ್ತಾರೆ, ಥರ್ಮಾಕೋಲೇ ಸಾಕು. ಸಮಯ ನೋಡಿಕೊಳ್ಳಿ: ಡಿಸೆಂಬರ್‌ನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳಕ್ಕೆ ಸ್ವಲ್ಪ ಮೊದಲು.

ಮನೆಯಲ್ಲೇ ತೆಗೆಯುವುದಾದರೆ ಪಡಸಾಲೆಯ ಬಾಗಿಲಿಗಿಂತ ಒಳ್ಳೆಯ ಸಾಫ್ಟ್‌ಬಾಕ್ಸ್ ಇಲ್ಲ. ಬಿಸಿಲು ನೇರ ಬೀಳದ ಬಾಗಿಲಾಗಲಿ. ಒಳಗೆ ಮೂರಡಿ ದೂರ ಕೂರಿಸಿ, ಟ್ಯೂಬ್‌ಲೈಟ್ ಆರಿಸಿ, ಮತ್ತೆ ಅದೇ ಮೂಗಿನ ನೆರಳು ನೋಡಿ ಕುರ್ಚಿ ತಿರುಗಿಸಿ.

ಹಿರಿಯರ ಫೋಟೋಗೆ ಫ್ರೇಮ್ ಸಡಿಲವಾಗಿರಲಿ. 12 × 18 ಇಂಚಿನ ಪ್ರಿಂಟಿಗೆ ಕಟ್ಟು ಹಾಕಿದಾಗ ಸುತ್ತ ಸ್ವಲ್ಪ ಮುಚ್ಚಿಹೋಗುತ್ತದೆ, ಮುಂದೆ ಅದಕ್ಕೆ ಹಾರ ಹಾಕುತ್ತಾರೆ ಎಂಬುದೂ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ. ರುಮಾಲಿನ ಮೇಲೆ, ಭುಜದ ಆಚೀಚೆ ಜಾಗ ಬಿಡಿ. ಈ ಸೈಜಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3600 × 5400 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕತ್ತರಿಸಲು ಹೆಚ್ಚು ಉಳಿಯುವುದಿಲ್ಲ. ಲ್ಯಾಬಿಗೆ ಕಳಿಸುವ ಮುನ್ನ ಮಾನಿಟರ್ ಬ್ರೈಟ್‌ನೆಸ್ ಅರ್ಧಕ್ಕಿಳಿಸಿ ಒಮ್ಮೆ ನೋಡಿ. ಆಗಲೂ ನೆರಳಿನ ಬದಿಯ ಕಣ್ಣು ಕಾಣುತ್ತಿದ್ದರೆ ಪ್ರಿಂಟಿನಲ್ಲೂ ಕಾಣುತ್ತದೆ.