ರೊಟ್ಟಿಯ ಲೆಕ್ಕದಲ್ಲಿ ಅವ್ವನ ಕೂಲಿ

ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಸುತ್ತಲಿನ ಊರುಗಳಿಂದ ದಾಸೋಹಕ್ಕೆ ಜೋಳದ ರೊಟ್ಟಿ ಲಕ್ಷಗಟ್ಟಲೆ ಬರುತ್ತವೆ. ರೊಟ್ಟಿ ಬಡಿಯುವುದನ್ನು ಈ ಸೀಮೆಯಲ್ಲಿ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. ಅದಕ್ಕೇ ಯಲಬುರ್ಗಾ, ಕುಷ್ಟಗಿ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಸ್ವಂತ ವ್ಯಾಪಾರ ಕಲಿಸುವುದಾದರೆ ಖಡಕ್ ರೊಟ್ಟಿಯಿಂದ ಶುರು ಮಾಡಿ. ಕೈಕೆಲಸ ಮನೆಯಲ್ಲೇ ಸಿಗುತ್ತದೆ, ನಮ್ಮ ಸಮಯವೆಲ್ಲ ಲೆಕ್ಕಕ್ಕೆ ಉಳಿಯುತ್ತದೆ.

ಮೊದಲ ದಿನ ಭಾಷಣ ಬೇಡ, ತಕ್ಕಡಿ ಇಡಿ. ನಾಲ್ವರ ಗುಂಪಿಗೆ 5 ಕಿಲೋ ಮಾಲ್ದಂಡಿ ಜೋಳ ಕೊಡಿ. ಹಸನು ಮಾಡಿ ಗಿರಣಿಗೆ ಹಾಕಿಸಿ ತಂದಾಗ 4.8 ಕಿಲೋ ಹಿಟ್ಟು ಸಿಕ್ಕಿತು ಎಂದುಕೊಳ್ಳಿ. ರೊಟ್ಟಿಗೆ 60 ಗ್ರಾಂ ಹಿಡಿದರೆ 80 ರೊಟ್ಟಿ. ಈಗ ಒಂದು ರೊಟ್ಟಿಗೆ ಎಷ್ಟು ಬಿತ್ತು ಎಂದು ಅವರೇ ಬರೆಯಲಿ. ನಿಮ್ಮೂರಿನ ದರ ಹಾಕಿಕೊಳ್ಳಿ, ಇಲ್ಲಿ ಉದಾಹರಣೆಗೆ ಹಿಡಿದದ್ದು: ಜೋಳ ಕಿಲೋಗೆ 45ರಂತೆ 225 ರೂಪಾಯಿ, ಬೀಸಿದ್ದಕ್ಕೆ 30, ಉರುವಲಿಗೆ 60, ಹತ್ತರ ಕಟ್ಟಿನಂತೆ 8 ಕವರ್ ಮತ್ತು ಚೀಟಿಗೆ 32, ಬಸ್ಸಿಗೆ 40. ಒಟ್ಟು 387. ಎಂಬತ್ತರಿಂದ ಭಾಗಿಸಿದರೆ 4 ರೂಪಾಯಿ 84 ಪೈಸೆ. ಏಳು ರೂಪಾಯಿಗೆ ಮಾರಿದರೆ ಎರಡು ರೂಪಾಯಿ ಉಳಿಯಿತಲ್ಲ ಎಂದು ಗುಂಪು ಖುಷಿಪಡುತ್ತದೆ.

ಆಗ ಕೇಳಬೇಕಾದ ಪ್ರಶ್ನೆ ಒಂದೇ: ಒಲೆ ಮುಂದೆ ಕುಳಿತವರು ಯಾರು? ಒಂದೇ ಹಂಚಿನ ಮೇಲೆ 80 ರೊಟ್ಟಿ ಬಡಿದು, ಬೇಯಿಸಿ, ಖಡಕ್ ಮಾಡುವುದಕ್ಕೆ 4 ತಾಸು ಹಿಡಿಯಿರಿ. ತಾಸಿಗೆ 60 ಕೊಟ್ಟರೂ 240. ದಾಸೋಹಕ್ಕೆ ಬಡಿಯುವಾಗ ಅದು ಸೇವೆ, ಕೂಲಿ ಕೇಳುವ ಮಾತೇ ಇಲ್ಲ. ಮಾರಾಟಕ್ಕೆ ಬಡಿಯುವಾಗಲೂ ಅದೇ ರೂಢಿ ಮುಂದುವರಿದು ಅವ್ವನ ದುಡಿಮೆ ಪುಸ್ತಕದಿಂದ ಹೊರಗೆ ಉಳಿದುಬಿಡುತ್ತದೆ. ಊರಿನ ಸಣ್ಣ ವ್ಯಾಪಾರಗಳು ಲಾಭದಲ್ಲಿದ್ದಂತೆ ಕಂಡು ಸೊರಗುವುದಕ್ಕೆ ಇದೇ ದೊಡ್ಡ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೂಲಿ ಸೇರಿದರೆ ಖರ್ಚು 627. ಜೊತೆಗೆ 8 ರೊಟ್ಟಿ ಮುರಿದವು ಎಂದುಕೊಳ್ಳಿ, ಮಾರಲು ಉಳಿದದ್ದು 72. ಒಂದಕ್ಕೆ 8 ರೂಪಾಯಿ 71 ಪೈಸೆ ಬಿತ್ತು. ಏಳರಂತೆ ಮಾರಿದರೆ ಕೈಗೆ ಬರುವುದು 504, ಲುಕ್ಸಾನು 123. ಕಪ್ಪು ಹಲಗೆಯ ಮೇಲೆ ಈ ಎರಡು ಲೆಕ್ಕ ಅಕ್ಕಪಕ್ಕ ಇದ್ದರೆ ಸಾಕು, ವಿವರಣೆ ಬೇಕಾಗುವುದಿಲ್ಲ.

ಮುಂದಿನ ವಾರ ಅದೇ ಲೆಕ್ಕವನ್ನು ಇಳಿಸುವುದು ಹೇಗೆಂದು ಗುಂಪೇ ಹುಡುಕಲಿ. ಕೂಲಿಯ ದರಕ್ಕೆ ಮಾತ್ರ ಕೈಹಾಕಬಾರದು. ಎರಡು ಹಂಚು ಇಟ್ಟು, ಒಂದರಲ್ಲಿ ಬೇಯುತ್ತಿರುವಾಗ ಇನ್ನೊಂದರಲ್ಲಿ ಸಣ್ಣ ಉರಿಯ ಮೇಲೆ ಬಟ್ಟೆಯಿಂದ ಒತ್ತಿ ಖಡಕ್ ಮಾಡಿದರೆ ಕೆಲಸ ಎರಡೂವರೆ ತಾಸಿಗೆ ಇಳಿಯಬಹುದು: ಕೂಲಿ 150, ಒಟ್ಟು 537. ಮುರಿಯುವುದು 8ರಿಂದ 3ಕ್ಕೆ ಇಳಿದರೆ 77 ರೊಟ್ಟಿ, ತಲಾ 6 ರೂಪಾಯಿ 97 ಪೈಸೆ.

ಮುರಿಯುವುದಕ್ಕೆ ಕಾರಣಗಳಿವೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಕುದಿವ ನೀರು ಬಿದ್ದಾಗಲೇ ಹಿಟ್ಟಿಗೆ ಜಿಗಿ ಬರುವುದು. ನೀರು ಉಗುರುಬೆಚ್ಚಗಿದ್ದರೆ, ಹಿಟ್ಟು ಹಳೆಯದಾಗಿದ್ದರೆ ಅಂಚು ಬಿರಿಯುತ್ತದೆ. ಬಿರಿದ ಅಂಚೇ ಬಸ್ಸಿನಲ್ಲಿ ಮೊದಲು ಮುರಿಯುವುದು. ಅಗಲ ಹೆಚ್ಚುಕಡಿಮೆ ಇದ್ದರೆ ಕಟ್ಟಿನಿಂದ ಹೊರಚಾಚಿದ್ದು ಉಳಿಯುವುದಿಲ್ಲ, ಒಂದು ತಟ್ಟೆಯನ್ನೇ ಅಳತೆ ಮಾಡಿಕೊಳ್ಳಿ. ಬಿಸಿ ಆರುವ ಮೊದಲೇ ಕವರ್ ಮುಚ್ಚಿದರೆ ಒಳಗೆ ಬೆವರಿ ರೊಟ್ಟಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮುರಿದದ್ದನ್ನು ಪಕ್ಕಕ್ಕಿಟ್ಟು ಎಣಿಸಿ ದಿನವೂ ಬರೆದಿಡಲಿ.

ಅಂಗಡಿಗೆ ಹೋದಾಗ ‘ನಮ್ಮ ರೊಟ್ಟಿ ತಗೋತೀರಾ?’ ಎಂದು ಕೇಳಿದರೆ ಮುಖದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ‘ಹೋದ ವಾರ ಎಷ್ಟು ಕಟ್ಟು ಹೋದವು, ಯಾರಿಂದ ತಂದಿರಿ, ಎಷ್ಟಕ್ಕೆ, ರೊಕ್ಕ ಯಾವಾಗ ಕೊಟ್ಟಿರಿ’ ಎಂದು ಕೇಳಬೇಕು. ಹತ್ತು ಅಂಗಡಿ, ಎರಡು ಖಾನಾವಳಿ ತಿರುಗಿದರೆ ಪೇಟೆಯ ನಿಜವಾದ ದರ ತಿಳಿಯುತ್ತದೆ.

ಕೊನೆಯ ಪ್ರಶ್ನೆಯೇ ಮುಖ್ಯ. 3,000 ರೂಪಾಯಿ ಬಂಡವಾಳ ಹಾಕಿ, ಕೂಲಿ ಬಿಟ್ಟೇ ದಿನಕ್ಕೆ 387 ಕೈಯಿಂದ ಹೋಗುತ್ತಿದ್ದು, ಅಂಗಡಿಯವರು 15 ದಿನಕ್ಕೊಮ್ಮೆ ಕೊಡುತ್ತೇವೆ ಎಂದರೆ ಏಳು ದಿನಕ್ಕೆ 2,709 ಮುಗಿಯಿತು. ಎಂಟನೇ ದಿನ ಉಳಿದ 291ರಲ್ಲಿ ಕೆಲಸ ಸಾಗದು. ಲಾಭವಿರುವ ದರಕ್ಕೇ ಮಾರಿದರೂ ಒಲೆ ಆರುತ್ತದೆ. ಹಾಗಾಗಿ ಮೊದಲ ತಿಂಗಳು ಅರ್ಧ ಮಾಲಾದರೂ ನಗದಿಗೆ, ಸಂತೆಯಲ್ಲೋ, ಮಂಗಳವಾರ, ಶುಕ್ರವಾರ ಹುಲಿಗೆಮ್ಮನ ಗುಡಿಗೆ ಜನ ಬರುವ ಹುಲಿಗಿಯಲ್ಲೋ ಹೋಗಲಿ. ಉದ್ರಿಗೆ ಪ್ರತ್ಯೇಕ ಪುಟ, ಅಂಗಡಿಗೊಂದು ಮಿತಿ.

ಕವರಿನ ಚೀಟಿಯ ಮೇಲೆ ಪದಾರ್ಥ, ತೂಕ, ತಯಾರಿಸಿದ ದಿನ, ಬಳಸಬೇಕಾದ ಅವಧಿ, ಎಂಆರ್‌ಪಿ, ವಿಳಾಸ, ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್‌ಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ, ಯಾರಾದರೂ ಸರ್ಕಾರಿ ಶುಲ್ಕವೆಂದು ಕೇಳಿದರೆ ಕೊಡಬೇಡಿ.

ಸಾಲದ ಮಾತು ಮೂರು ತಿಂಗಳ ಪುಸ್ತಕ ಕೈಯಲ್ಲಿ ಬಂದ ಮೇಲೆ. ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಗ್ರಾಮೀಣ ಪ್ರದೇಶಕ್ಕೆ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರು ಮತ್ತು ಪರಿಶಿಷ್ಟರು ಸೇರಿದಂತೆ ವಿಶೇಷ ವರ್ಗಕ್ಕೆ 35% ಸಹಾಯಧನವಿದೆ ಎಂದ ಕೂಡಲೇ ಹುಡುಗರು ಅದು ಕೈಗೆ ಬರುವ ರೊಕ್ಕ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದು ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಕೂತಿರುತ್ತದೆ, ಕಂತು ನೀವೇ ಕಟ್ಟಬೇಕು. ವಯಸ್ಸು 18 ತುಂಬಿರಬೇಕು.

ಅಲ್ಲಿಯವರೆಗೆ ಪ್ರತಿ ಶನಿವಾರ ಕೂಲಿಯ ಕಾಲಮ್ಮಿನಲ್ಲಿ ಬರೆದ ರೊಕ್ಕ ಅವ್ವನ ಕೈಗೆ ಹೋಗಿ, ಎದುರಿಗೆ ಆಕೆಯ ಸಹಿ ಬೀಳಬೇಕು. ಸತತ ಎರಡು ಶನಿವಾರ ಆ ಸಹಿ ಬೀಳದಿದ್ದರೆ ಮೂರನೇ ವಾರಕ್ಕೆ ಜೋಳ ತರುವುದನ್ನು ನಿಲ್ಲಿಸಿ, ದರ ಮತ್ತೆ ಹಾಕಿ ನೋಡಿ.