ಸನ್ನೆ ಭಾಷೆಯ ಶಿಕ್ಷಕರಾಗಲು ಎಷ್ಟು ತಿಂಗಳು ಬೇಕು?

ನಾನು ಕಿವುಡರಿಗೂ ಕೇಳಿಸಿಕೊಳ್ಳುವವರಿಗೂ ನಡುವೆ ದುಭಾಷಿಯಾಗಿ ಕೆಲಸ ಮಾಡುತ್ತೇನೆ ಎಂದು ತಿಳಿದ ಕೂಡಲೇ ಮದುವೆಮನೆಯ ಪಂಕ್ತಿಯಲ್ಲಿರಲಿ, ಬ್ಯಾಂಕಿನ ಸಾಲಿನಲ್ಲಿರಲಿ, ಒಂದೇ ಪ್ರಶ್ನೆ ಬರುತ್ತದೆ: "ಸನ್ನೆ ಭಾಷೆಯ ಟೀಚರ್ ಆಗಲು ಎಷ್ಟು ತಿಂಗಳ ಕೋರ್ಸ್ ಮಾಡಬೇಕು?" ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಉತ್ತರವನ್ನು ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ. ನಿಮಗೆ ಕಿವಿ ಕೇಳಿಸುತ್ತದೆ ಎಂದಾದರೆ, ಆ ಕೆಲಸಕ್ಕೆ ನಿಮಗಿಂತ ಮೊದಲು ಹಕ್ಕಿರುವುದು ಕಿವುಡರಿಗೆ.

ಇದು ನನ್ನೊಬ್ಬಳ ಹಟವಲ್ಲ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಭಾಷೆಯನ್ನು ಕಲಿಸುವ ಡಿಪ್ಲೊಮಾವನ್ನು ಕಿವುಡರಿಗಾಗಿ ನಡೆಸುತ್ತದೆ. ಕೇಳಿಸಿಕೊಳ್ಳುವವರಿಗೆ ದುಭಾಷಿಗಳ ಡಿಪ್ಲೊಮಾ ಇದೆ. ಎರಡಕ್ಕೂ ಎರಡು ವರ್ಷ ಬೇಕು, ಹಾಗಾಗಿ ತಿಂಗಳ ಲೆಕ್ಕವನ್ನು ಬಿಡಿ. ಕಿವುಡ ಮಕ್ಕಳ ಶಾಲೆಯಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಕಲಿಸುವ ಆಸೆಯಿದ್ದರೆ ವಿಶೇಷ ಶಿಕ್ಷಣದ ಡಿ.ಎಡ್. ಅಥವಾ ಬಿ.ಎಡ್. ಬೇರೆಯೇ ದಾರಿ.

ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದ ಕಾರ್ಯಾಗಾರ ನೆನಪಾದಾಗಲೆಲ್ಲ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕಲಿಸಲು ಬಂದವರು ನನಗೂ ಈ ಭಾಷೆಯನ್ನು ಕಲಿಸಿದ ಕಿವುಡ ಶಿಕ್ಷಕರು. ಉದ್ಘಾಟನೆ, ವಂದನಾರ್ಪಣೆಗಳ ಮಾತನ್ನು ಅವರಿಗೆ ಮುಟ್ಟಿಸುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ವೇದಿಕೆಗೆ ಕರೆದು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟದ್ದು ನನಗೆ. ಅವರಿಗೆ ಒಂದು ಗುಲಾಬಿ ಸಿಕ್ಕಿತು. ನಾನು ಪೇಟವನ್ನು ತೆಗೆದು ಅವರ ತಲೆಗಿಟ್ಟೆ. ಅದು ಜಾರಿ ಹುಬ್ಬಿನ ಮೇಲೆ ಕುಳಿತಾಗ, "ಹುಬ್ಬೇ ಕಾಣದಿದ್ದರೆ ನಾನು ಪ್ರಶ್ನೆ ಕೇಳುವುದು ಹೇಗೆ?" ಎಂದು ಅವರು ಕೈಯಲ್ಲಿ ಹೇಳಿ ಮನಸಾರೆ ನಕ್ಕರು. ತುಂಬಿದ ಸಭೆಯಲ್ಲಿ ಆ ಮಾತು ತಿಳಿದದ್ದು ನನಗೊಬ್ಬಳಿಗೆ. ಮಧ್ಯಾಹ್ನ ಊಟದ ಹೊತ್ತಿಗೆ ವಿದ್ಯಾರ್ಥಿಗಳು ನನ್ನನ್ನು ಸುತ್ತುವರಿದು, "ಎಷ್ಟು ತಿಂಗಳು ಮೇಡಂ, ಸರ್ಟಿಫಿಕೇಟ್ ಕೊಡುತ್ತಾರಾ?" ಎಂದು ಕೇಳತೊಡಗಿದರು; ಶಿಕ್ಷಕರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಬಡಿಸುತ್ತಿದ್ದ ಹುಡುಗನೊಬ್ಬ ಮಾತ್ರ ನೇರವಾಗಿ ಅವರ ಮುಖವನ್ನೇ ನೋಡಿ, ಸಾರಿನ ಸೌಟು ಎತ್ತಿ, ಹುಬ್ಬೇರಿಸಿದ.

ಅವನು ಕೇಳಿದ್ದು ವ್ಯಾಕರಣಬದ್ಧವಾದ ಪ್ರಶ್ನೆ. ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಬಯಸುವ ಪ್ರಶ್ನೆಯನ್ನು ಭಾರತೀಯ ಸನ್ನೆ ಭಾಷೆಯಲ್ಲಿ ಹುಬ್ಬೇ ಕೇಳುತ್ತದೆ. 'ಏನು', 'ಎಲ್ಲಿ' ಎಂಬ ಪದಗಳು ವಾಕ್ಯದ ಕೊನೆಗೆ ಬರುತ್ತವೆ. ಮೀಸೆಯ ಸನ್ನೆ ಗಂಡನ್ನು, ಮೂಗುಬೊಟ್ಟಿನ ಸನ್ನೆ ಹೆಣ್ಣನ್ನು ಸೂಚಿಸುತ್ತದೆ ಎಂಬಂಥವನ್ನು ವಿಡಿಯೊ ನೋಡಿಯೂ ಕಲಿಯಬಹುದು. ಆದರೆ ಬಾಯಲ್ಲಿ ಕನ್ನಡ ಆಡುತ್ತಾ ಕೈಯಲ್ಲಿ ಒಂದೊಂದೇ ಪದ ತೋರಿಸುವ ಅಭ್ಯಾಸವನ್ನು ಬಿಡಿಸುವುದು ಕಿವುಡ ಶಿಕ್ಷಕರ ಮೌನ ತರಗತಿ ಮಾತ್ರ. ಅಲ್ಲಿ ದುಭಾಷಿ ಪಕ್ಕದಲ್ಲಿ ನಿಂತರೆ ಕಲಿಯುವವರ ಕಣ್ಣು ದುಡಿಯುವುದೇ ಇಲ್ಲ.

ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಕಿವುಡ ಮಕ್ಕಳಲ್ಲಿ ಬಹುಪಾಲಿನವರು ಹುಟ್ಟುವುದು ಕೇಳಿಸಿಕೊಳ್ಳುವ ತಂದೆತಾಯಿಗಳಿಗೆ. ಆದ್ದರಿಂದ ಈ ಭಾಷೆ ತೊಟ್ಟಿಲಿನಲ್ಲಿ ಸಿಗುವುದು ಅಪರೂಪ. ಶಾಲೆ, ಹಾಸ್ಟೆಲ್, ಸಂಘಗಳಲ್ಲಿ ಹಿರಿಯರ ಕೈಯಿಂದ ಕಿರಿಯರ ಕೈಗೆ ಅದು ದಾಟುತ್ತದೆ. ಎಷ್ಟೋ ಮಕ್ಕಳು ಮೊದಲ ಬಾರಿಗೆ ಕಾಣುವ ವಯಸ್ಕ ಕಿವುಡ ವ್ಯಕ್ತಿಯೆಂದರೆ ಅವರ ಶಿಕ್ಷಕರೇ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ, ಬಹುತೇಕ ಕೇಳಿಸಿಕೊಳ್ಳುವವರೇ ಇದ್ದ ಶಿಕ್ಷಣ ಸಮ್ಮೇಳನವು ಕಿವುಡರ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯಿಸಿದ ಮೇಲೆ ಯುರೋಪು, ಅಮೆರಿಕಗಳಲ್ಲಿ ಕಿವುಡ ಶಿಕ್ಷಕರೇ ಕೆಲಸ ಕಳೆದುಕೊಂಡರು. ಅದೇ ಸಮ್ಮೇಳನದ ಪರಂಪರೆಯವರು ಅದಕ್ಕೆ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಒಬ್ಬ ಕಿವುಡ ಶಿಕ್ಷಕರ ಕುರ್ಚಿಯಲ್ಲಿ ನಾನು ಕೂರಲಾರೆ ಎಂದಾಗ ಇವಳಿಗೆ ಜಂಬ ಎನ್ನುವವರು ಈ ಚರಿತ್ರೆಯನ್ನು ಒಮ್ಮೆ ಓದಲಿ.

"ನಿಮಗೆ ಯಾರು ಕಲಿಸಿದರು, ನಾನು ಅವರ ಬಳಿ ಹೋಗಬಹುದೇ?" ಎಂದು ಯಾರಾದರೂ ಕೇಳಬೇಕೆಂಬುದು ನನ್ನ ಆಸೆ. ಆ ಪ್ರಶ್ನೆಗೆ ಎಷ್ಟು ಹೊತ್ತಾದರೂ ಉತ್ತರಿಸುತ್ತೇನೆ. ನಿಮ್ಮ ಜಿಲ್ಲೆಯಲ್ಲಿ ಕಿವುಡರ ಸಂಘವಿದೆಯೇ ಎಂದು ವಿಚಾರಿಸಿ, ಸೆಪ್ಟೆಂಬರ್ 23ರ ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನದ ಆಸುಪಾಸಿನಲ್ಲಿ ಅವರ ಕಾರ್ಯಕ್ರಮಗಳಿಗೆ ಹೋಗಿ. ಗಮನ ಸೆಳೆಯಬೇಕಾದರೆ ಭುಜವನ್ನು ಮೃದುವಾಗಿ ತಟ್ಟಿ. ಇಬ್ಬರು ಮಾತನಾಡುತ್ತಿರುವಾಗ ನಡುವೆ ನಿಂತು ನೋಟಕ್ಕೆ ಅಡ್ಡವಾಗಬೇಡಿ. ಅರ್ಥವಾಗದಿದ್ದರೆ ಅವರನ್ನೇ ಮತ್ತೆ ಕೇಳಿ, ನನ್ನ ಕಡೆ ತಿರುಗಬೇಡಿ. ನಿಮಗೊಂದು ಸನ್ನೆ ಹೆಸರನ್ನು, ಅಂದರೆ ನಿಮ್ಮನ್ನು ಗುರುತಿಸುವ ಸನ್ನೆಯನ್ನು, ನೀವೇ ಆರಿಸಿಕೊಳ್ಳಬೇಡಿ, ಬಳಕೆ ಬೆಳೆದ ಮೇಲೆ ಅವರೇ ಇಡುತ್ತಾರೆ. ಕಲಿಯಲು ಸೇರಿದಿರಾದರೆ, ಇದೆಲ್ಲ ಸಮಾಜಸೇವೆ ತಾನೇ ಎಂದು ಚೌಕಾಸಿ ಮಾಡದೆ ಶುಲ್ಕವನ್ನು ಆ ಶಿಕ್ಷಕರ ಕೈಗೇ ಕೊಡಿ.